ಗುಡಿಯೊಳಗಿನ ನೀರಿನ ಕೀ

ನಾನು ಒಂದು ನೀರಿನ ಕೀ. ಬೀಗ ತೆಗೆಯುವ ಕೀ ಅಲ್ಲ. ನೆಲದಡಿಯ ಪೈಪಿನಲ್ಲಿ ಬರುವ ನೀರು ಯಾವ ಬೀದಿಗೆ ಹೋಗಬೇಕು, ಯಾವ ಬೀದಿಗೆ ಹೋಗಬಾರದು ಎಂದು ವಾಲ್ವು ತಿರುಗಿಸುವ ಕೀ. ಎದೆಮಟ್ಟದ ಉದ್ದ, ಮೇಲೆ ಎರಡು ಕೈಯಲ್ಲಿ ಹಿಡಿಯಲು ಅಡ್ಡ ಹಿಡಿಕೆ, ಕೆಳಗೆ ಚೌಕದ ಬಾಯಿ. ಸಂತೆ ಬೀದಿಯ ಕಮ್ಮಾರ ಕಾಳಾಚಾರಿ ಹಳೆಯ ನೇಗಿಲಿನ ಸರಳನ್ನು ಕುಲುಮೆಗೆ ಹಾಕಿ, ಬಡಿದು, ನೀರಿಗದ್ದಿ ನನ್ನನ್ನು ಹುಟ್ಟಿಸಿದ. ಯಾರ ಕೈ ಹಿಡಿದರೂ ತಿರುಗುವ ಹಾಗೆ ಮಾಡಿದ. ಬೇರೆ ಥರ ಮಾಡಲು ಅವನಿಗೆ ಬರುತ್ತಿರಲಿಲ್ಲ, ಕಬ್ಬಿಣಕ್ಕೂ ಬರುವುದಿಲ್ಲ.

ನೀರಿನ ಇಲಾಖೆ ನನ್ನನ್ನು ಕೊಂಡುಕೊಂಡು ಹಾಲುಗುಂದಿಗೆ ಕಳಿಸಿತು. ಅಲ್ಲಿ ನನ್ನನ್ನು ಹಿಡಿದವರು ಗಫಾರ್ ಸಾಬರು, ಇಲಾಖೆಯ ದಿನಗೂಲಿ ನೀರುಗಂಟಿ. ಪಕ್ಕದ ಪೇಟೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ನನ್ನನ್ನು ಸೈಕಲ್ಲಿನ ದಂಡಿಗೆ ಹಳೆಯ ಟ್ಯೂಬಿನಿಂದ ಬಿಗಿದಿರುತ್ತಿದ್ದರು. ಸೈಕಲ್ಲಿನ ಸರಪಳಿಗೆ ಎಣ್ಣೆ ಬಿಟ್ಟಾಗೆಲ್ಲ ನನಗೂ ಒಂದಿಷ್ಟು ಸವರುತ್ತಿದ್ದರು.

ಟ್ಯಾಂಕಿನ ಕೆಳಗೆ ಕಲ್ಲುಚಪ್ಪಡಿ ಮುಚ್ಚಿದ ಒಂದು ಗುಂಡಿ. ಅದರೊಳಗೆ ಎರಡು ವಾಲ್ವು. ಒಂದು ದೊಡ್ಡ ಬೀದಿಗೆ, ಇನ್ನೊಂದು ಬೋರೆ ಕಾಲೋನಿಗೆ. ಹೊಲಗೇರಿಯ ಜನರಿಗೆ ಸರ್ಕಾರ ನಿವೇಶನ ಕೊಟ್ಟಾಗ ಊರಿನವರು ತೋರಿಸಿದ್ದು ಈ ಬೋರೆಯನ್ನು, ಕಲ್ಲಿನ ದಿಬ್ಬವನ್ನು. ಅಲ್ಲಿ ಹುರುಳಿಯೂ ಬೆಳೆಯುತ್ತಿರಲಿಲ್ಲ, ಹಾಗಾಗಿ ಮನುಷ್ಯರನ್ನು ಇಟ್ಟರು. ಈ ದಿಬ್ಬಕ್ಕೆ ನೀರು ಹತ್ತಬೇಕಾದರೆ ದೊಡ್ಡ ಬೀದಿಯ ವಾಲ್ವನ್ನು ಪೂರ್ತಿ ಮುಚ್ಚಬೇಕು. ಅರ್ಧ ಮುಚ್ಚಿದರೆ ಬೋರೆಯ ನಲ್ಲಿಗಳು ಕೆಮ್ಮಿ ಸುಮ್ಮನಾಗುತ್ತವೆ. ಇಷ್ಟೇ ವಿಷಯ. ನನ್ನ ಇಡೀ ಬದುಕು ಈ ಒಂದು ತಿರುವಿನ ಮೇಲೆ ನಿಂತಿದೆ.

ಗಫಾರ್ ಸಾಬರು ಒಂದು ದಿನ ದೊಡ್ಡ ಬೀದಿಗೆ, ಒಂದು ದಿನ ಬೋರೆಗೆ ನೀರು ಬಿಡುತ್ತಿದ್ದರು. ಬೋರೆಯ ದಿನ ಬಂದರೆ ದೊಡ್ಡ ಬೀದಿಯ ಚನ್ನಂಜಪ್ಪ ಜಗಲಿಯಲ್ಲಿ ಕುಳಿತು ಕೆಣಕುತ್ತಿದ್ದ.

"ಏನ್ ಸಾಬ್ರೇ, ನಮ್ ಬೀದಿ ನೀರ ನಿಲ್ಲಿಸ್‍ಬುಟ್ರಾ?"

"ನಿಲ್ಸಿಲ್ಲ ಚನ್ನಂಜಪ್ಪೋರೆ, ಬೋರೆ ಹತ್ಸೀವ್ನಿ. ನೀರ್ಗೂ ವಸಿ ಕಾಲ್ ಬಲ ಆಗ್ಲಿ."

ಚನ್ನಂಜಪ್ಪ ನಗುತ್ತಿದ್ದ. ಇಲಾಖೆಯ ಆಳನ್ನು ಅವನು ಏನೂ ಮಾಡುವಂತಿರಲಿಲ್ಲ. ಇಲಾಖೆ ಒಳ್ಳೆಯದಾಗಿತ್ತು ಎಂದು ನಾನು ಹೇಳುತ್ತಿಲ್ಲ. ಮೋಟಾರು ಸುಟ್ಟರೆ ಬರಲು ಅವರಿಗೆ ತಿಂಗಳು ಬೇಕಿತ್ತು. ಆದರೆ ಅದರ ಸೋಮಾರಿತನ ಎರಡು ಬೀದಿಗೂ ಒಂದೇ ಅಳತೆಯಲ್ಲಿತ್ತು.

ಆಮೇಲೆ ಮೇಲಿನವರಿಗೆ ಜ್ಞಾನೋದಯವಾಯಿತು. ಹಳ್ಳಿಯ ನೀರು ಹಳ್ಳಿಯವರ ಕೈಯಲ್ಲೇ ಇರಬೇಕು, ಎಲ್ಲವನ್ನೂ ಪಂಚಾಯಿತಿಗೆ ಹಸ್ತಾಂತರ ಮಾಡಿ ಎಂದು ಆದೇಶ ಬಂತು. ಮಾತು ಎಷ್ಟು ಚೆನ್ನಾಗಿದೆ ನೋಡಿ. ಯಾರಾದರೂ ಬೇಡ ಎನ್ನುತ್ತಾರೆಯೇ? ಒಬ್ಬ ಇಂಜಿನಿಯರು ಬಂದು ಸ್ವತ್ತಿನ ಪಟ್ಟಿ ಮಾಡಿದ: ಟ್ಯಾಂಕು, ಮೋಟಾರು, ಪೈಪು, ವಾಲ್ವು, ಕೀ. ಆ ಪಟ್ಟಿಯಲ್ಲಿ ಗಫಾರ್ ಸಾಬರು ಇರಲಿಲ್ಲ. "ನೀವು ನಮ್ಮ ನೌಕರರೂ ಅಲ್ಲ, ಅವರ ನೌಕರರೂ ಅಲ್ಲ" ಎಂದು ಇಂಜಿನಿಯರು ಹೇಳಿದ. ಕಬ್ಬಿಣಕ್ಕೆ ಇದ್ದ ಜಾಗ ಮನುಷ್ಯನಿಗೆ ಇರಲಿಲ್ಲ.

ಆ ವರ್ಷ ಪಂಚಾಯಿತಿ ಅಧ್ಯಕ್ಷರ ಸ್ಥಾನ ಮೀಸಲಾಗಿ ಬೋರೆಯ ರಾಚಮ್ಮನಿಗೆ ಬಂದಿತ್ತು. ಚನ್ನಂಜಪ್ಪ ಉಪಾಧ್ಯಕ್ಷ. ರಾಚಮ್ಮ ಬೋರೆಯ ಸ್ತ್ರೀಶಕ್ತಿ ಸಂಘ ಕಟ್ಟಿದವಳು. ಗಂಡ ಸತ್ತ ಮೇಲೆ ಬಿಸಿಯೂಟದ ಅಡುಗೆ ಮಾಡಿ ಮಗನನ್ನು ಬೆಳೆಸಿದವಳು. ಅಧ್ಯಕ್ಷೆಯಾದ ದಿನ ಅವಳು ಕಾಲೋನಿಯ ಹೆಂಗಸರಿಗೆ ಒಂದೇ ಮಾತು ಕೊಟ್ಟಿದ್ದಳು: "ಬೋರೆಗ ನೀರ್ ನಿಲ್ಲದಂಗ ನೋಡ್ಕತೀನಿ. ಇನ್ನೇನೂ ಕೇಳ್‍ಬ್ಯಾಡಿ."

ಹಸ್ತಾಂತರದ ದಿನ ಟ್ಯಾಂಕಿನ ಬುಡದಲ್ಲಿ ಶಾಮಿಯಾನ ಹಾಕಿದರು. ನನಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಸುತ್ತಿ, ಉದ್ದದ ತಟ್ಟೆಯಲ್ಲಿ ಮಲಗಿಸಿದರು. ರಾಚಮ್ಮ ಮೊದಲು ಸಹಿ ಹಾಕಿದಳು. ಆಮೇಲೆ ಇಂಜಿನಿಯರು ತಟ್ಟೆ ಎತ್ತಿದ, ಅವಳು ಎರಡೂ ಕೈ ಚಾಚಿದಳು. ಫೋಟೋದವನು ಆ ಕ್ಷಣ ಹಿಡಿದುಕೊಂಡ. ಫೋಟೋ ನೋಡಿದವರಿಗೆ ತಟ್ಟೆಗೂ ಅವಳ ಕೈಗೂ ನಡುವೆ ಒಂದು ಗೇಣು ಜಾಗ ಇದ್ದದ್ದು ಕಾಣುವುದಿಲ್ಲ. ಆ ಒಂದು ಗೇಣಿನಲ್ಲಿ ಚನ್ನಂಜಪ್ಪ ಕೈ ಹಾಕಿದ.

"ತಾಳಿ ಸಾರ್. ಹೊಸ ಪದಾರ್ಥ ಊರ್ಗ ಬಂದ್ರ ಮೊದ್ಲು ಪಟ್ಟಲದಮ್ಮನ ಪಾದಕ ಮುಟ್ಸದು ನಮ್ ಪದ್ಧತಿ. ಮುಟ್ಸ್‍ಬುಟ್ಟು ಅಕ್ಕೋರ್ಗ ಕೊಡವ."

ಇಂಜಿನಿಯರಿಗೆ ಊಟದ ಹೊತ್ತಾಗಿತ್ತು. ತಟ್ಟೆ ಕೊಟ್ಟುಬಿಟ್ಟ. ನಾನು ಆ ಊರಿನ ಮಣ್ಣಿನಲ್ಲಿ ಸವೆದ ಹಳೆಯ ಕಬ್ಬಿಣ. ಅಂದು ದಿಢೀರನೆ ಹೊಸ ಪದಾರ್ಥವಾದೆ. ಪಟ್ಟಲದಮ್ಮನ ಗುಡಿಯ ಒಳಗೆ ಹೋದೆ. ಬೋರೆಯ ಜನ ಆ ಗುಡಿಯನ್ನು ಹೊರಗಿನ ಬೇವಿನ ಕಟ್ಟೆಯಿಂದಲೇ ನೋಡುವವರು. ರಾಚಮ್ಮನೂ ಬೇವಿನ ಕಟ್ಟೆಯ ಹತ್ತಿರ ನಿಂತು ಕಾದಳು. ಪೂಜೆ ಮುಗಿಯಿತು, ಮಂಗಳಾರತಿ ಆಯಿತು, ಪ್ರಸಾದ ಹಂಚಿದರು. ನಾನು ಹೊರಗೆ ಬರಲಿಲ್ಲ.

"ತಾಯಿ ಪಾದ ಸೇರಿದ್ದ ವಾಪಸ್ ಈಸ್ಕಂಡು ಕೊಡಾಕಾದದಾ ಅಕ್ಕ?" ಎಂದ ಚನ್ನಂಜಪ್ಪ. ಅವನ ದನಿಯಲ್ಲಿ ತುಂಬ ವಿನಯವಿತ್ತು. "ಕೀ ಇಲ್ಲಿರ್ಲಿ, ಅಧಿಕಾರ ನಿಮ್ದೇ. ನೀರ ಬುಡಕ ಪೂಜಾರಿಯ ತಮ್ಮ ಮಾದಪ್ಪ ಅವ್ನ. ಮಡಿಯಲ್ಲಿ ಎತ್ಕತನ, ಮಡಿಯಲ್ಲಿ ಮಡಗ್ತನ."

ಮಾದಪ್ಪ ದಿನಾ ಸ್ನಾನ ಮಾಡಿ ನನ್ನನ್ನು ಎತ್ತಿಕೊಂಡು ಹೋಗುತ್ತಿದ್ದ. ಬೋರೆಗೆ ನೀರು ಬಿಡುವುದಿಲ್ಲ ಎಂದು ಅವನು ಒಮ್ಮೆಯೂ ಹೇಳಲಿಲ್ಲ. ಬೋರೆಯ ವಾಲ್ವನ್ನು ತೆರೆದೇ ತೆರೆಯುತ್ತಿದ್ದ. ದೊಡ್ಡ ಬೀದಿಯ ವಾಲ್ವನ್ನು ಮಾತ್ರ ಪೂರ್ತಿ ಮುಚ್ಚುತ್ತಿರಲಿಲ್ಲ. ಕೊನೆಯ ಒಂದೆರಡು ಸುತ್ತು ಉಳಿಸಿ ನನ್ನನ್ನು ಎತ್ತಿಬಿಡುತ್ತಿದ್ದ. ಮೇಲೆ ಬೋರೆಯಲ್ಲಿ ನಲ್ಲಿಗಳು ಕೆಮ್ಮುತ್ತಿದ್ದವು.

"ಬುಟ್ಟೀವಲ್ಲಕ್ಕ. ನೀರು ಹತ್ತದಿದ್ರ ನಾನೇನ್ ಹೆಗಲ ಮ್ಯಾಲ ಹೊತ್ಕಂಡೋಗ್ಲಾ?" ಎನ್ನುತ್ತಿದ್ದ.

ರಾಚಮ್ಮ ಇಲಾಖೆಗೆ ಫೋನು ಮಾಡಿದಳು. "ಹ್ಯಾಂಡ್‍ಓವರ್ ಆಗಿದೆ ಮೇಡಂ, ಈಗ ನಿಮ್ಮದು" ಎಂದರು. ತಾಲ್ಲೂಕು ಕಚೇರಿಗೆ ಹೋದಳು. ಅಲ್ಲಿಯೂ ಅದೇ ಮಾತು: ಈಗ ನಿಮ್ಮದು. ಮೋಟಾರಿನ ಕರೆಂಟು ಬಿಲ್ಲು ಅವಳ ಹೆಸರಿಗೆ ಬಂತು, ಪೈಪು ಒಡೆದರೆ ಬೈಗುಳ ಅವಳ ಮನೆ ಬಾಗಿಲಿಗೆ ಬಂತು. ಪಂಚಾಯಿತಿ ಸಭೆಯಲ್ಲಿ ಹೊಸ ಕೀ ಮಾಡಿಸೋಣ ಎಂದಳು. ಒಬ್ಬ ಸದಸ್ಯನೂ ಕೈ ಎತ್ತಲಿಲ್ಲ. ಅಮ್ಮನಿಗೆ ಎದುರಾಗಿ ಎರಡನೇ ಕೀಯೇ, ಎಂದರು. ಕಾಳಾಚಾರಿ ಸತ್ತಿದ್ದ. ಅವನ ಮಗನ ಬಳಿ ಹೋದರೆ, "ದೊಡ್ ಬೀದಿಯವರ ನೇಗ್ಲು ನಿಂತ್ರ ನಂಗ ಹಿಟ್ಟಿಲ್ಲ ಕನವ್ವ" ಎಂದು ತಲೆ ತಗ್ಗಿಸಿದ.

ಬೋರೆಯ ಹೆಂಗಸರು ಕೊಡ ಹೊತ್ತು ಎಲ್ಲಿಗೆ ಹೋಗಬೇಕು? ಹತ್ತಿರದಲ್ಲಿ ಇದ್ದದ್ದು ಚನ್ನಂಜಪ್ಪನ ಹೊಲದ ಬೋರ್‌ವೆಲ್ಲು. ಅವನು ಧಾರಾಳಿ. ಬೇಡ ಎನ್ನಲಿಲ್ಲ. ನೀರು ಹಿಡಿದುಕೊಂಡವರು ಅರಿಶಿನದ ಹೊಲದಲ್ಲಿ ಒಂದು ಸಾಲು ಕಳೆ ಕಿತ್ತು ಹೋಗಬೇಕು, ಅಷ್ಟೇ. ಕೂಲಿಯಾಳಿಗೆ ಅಲೆಯುತ್ತಿದ್ದವನ ಹೊಲ ಆ ಬೇಸಿಗೆಯಲ್ಲಿ ಕನ್ನಡಿಯಂತಾಯಿತು. ಆ ಹೊಲದ ಅರಿಶಿನವನ್ನೇ ಮಂಗಳವಾರ, ಶುಕ್ರವಾರ ನನಗೆ ಬಳಿಯುತ್ತಿದ್ದರು. ಅಮ್ಮನ ಪಾದದಲ್ಲಿ ಮಲಗಿ ನಾನು ಬೋರೆಯ ಹೆಂಗಸರ ಬೆವರನ್ನು ಮೈಗೆ ಹಚ್ಚಿಸಿಕೊಳ್ಳುತ್ತಿದ್ದೆ. ಭಕ್ತರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಕೊನೆಗೆ ಅವಿಶ್ವಾಸ ತಂದರು. ಕಾರಣ ಏನು ಗೊತ್ತೇ? ಕುಡಿಯುವ ನೀರು ಪೂರೈಸುವಲ್ಲಿ ಅಧ್ಯಕ್ಷರು ವಿಫಲ. ಅವಳ ಕುರ್ಚಿಯಲ್ಲಿ, ಮೇಲಿನ ಆದೇಶ ಬರುವ ತನಕ, ಚನ್ನಂಜಪ್ಪ ಕುಳಿತ.

ಒಂದು ಮಧ್ಯಾಹ್ನ ರಾಚಮ್ಮ ಆ ಹೊಲದ ಬದುವಿನಲ್ಲಿ ನಡೆದು ಬರುತ್ತಿದ್ದಳಂತೆ. ಅರಿಶಿನದ ಸಾಲಿನಲ್ಲಿ ಬಗ್ಗಿದ್ದ ಒಂದು ಬೆನ್ನು ಪರಿಚಿತ ಅನ್ನಿಸಿತು. ಅವಳ ಸೊಸೆ. ಹೆತ್ತು ಇನ್ನೂ ತಿಂಗಳು ತುಂಬದ ಬಾಣಂತಿ, ತಲೆಗೆ ಬಟ್ಟೆ ಬಿಗಿದುಕೊಂಡು ಕಳೆ ಕೀಳುತ್ತಿದ್ದಳು. ಮಗುವಿನ ಬಟ್ಟೆ ಒಗೆಯಲು ಮನೆಯಲ್ಲಿ ನೀರಿರಲಿಲ್ಲ. ಅತ್ತೆಗೆ ಹೇಳಿದರೆ ನೊಂದುಕೊಳ್ಳುತ್ತಾಳೆ ಎಂದು ಹೇಳದೆ ಬಂದಿದ್ದಳು.

ರಾಚಮ್ಮ ಮನೆಗೆ ಹೋಗಲಿಲ್ಲ. ನೇರ ಗುಡಿಗೆ ಬಂದಳು. ಬೇವಿನ ಕಟ್ಟೆಯ ಹತ್ತಿರ ನಿಲ್ಲಲಿಲ್ಲ. ಪೂಜಾರಿ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

"ಏಯ್ ರಾಚಿ, ಎಲ್ಲಿಗಮ್ಮೀ?"

"ನನ್ ಸಾಮಾನೊಂದು ಒಳಗದ. ತಕ್ಕತೀನಿ."

ಅವನು ಏಳುವಷ್ಟರಲ್ಲಿ ಅವಳು ಹೊಸ್ತಿಲು ದಾಟಿದ್ದಳು. ಅಮ್ಮನ ಮುಖವನ್ನು ಅವಳು ಮೊದಲ ಸಲ ಅಷ್ಟು ಹತ್ತಿರದಿಂದ ನೋಡಿದ್ದಿರಬೇಕು. ಒಂದು ಕ್ಷಣ ನಿಂತಳು. ಕೈ ಮುಗಿಯಲಿಲ್ಲ, ಬೈಯಲೂ ಇಲ್ಲ. ಬಗ್ಗಿ ನನ್ನನ್ನು ಎತ್ತಿಕೊಂಡಳು. ಸಹಿ ಹಾಕಿದ ಕೈಗೆ ನಾನು ಸೇರಿದ್ದು ಅಂದೇ.

ಟ್ಯಾಂಕಿನ ಬಳಿ ಬೋರೆಯ ಹೆಂಗಸರು ಸೇರಿದರು. ಚಪ್ಪಡಿ ಸರಿಸಿದರು. ರಾಚಮ್ಮ ನನ್ನನ್ನು ದೊಡ್ಡ ಬೀದಿಯ ವಾಲ್ವಿಗೆ ಕೂರಿಸಿ ಬಲಕ್ಕೆ ತಿರುಗಿಸಿದಳು. ಮಾದಪ್ಪ ಉಳಿಸುತ್ತಿದ್ದ ಕೊನೆಯ ಸುತ್ತುಗಳು ತುಕ್ಕು ಹಿಡಿದಿದ್ದವು. ಇನ್ನಿಬ್ಬರು ಕೈ ಕೊಟ್ಟರು. ಕಿರುಗುಟ್ಟುತ್ತ ಮುಚ್ಚಿಕೊಂಡಿತು. ಆಮೇಲೆ ಬೋರೆಯ ವಾಲ್ವನ್ನು ಎಡಕ್ಕೆ ತಿರುಗಿಸಿದಳು. ಪೈಪಿನೊಳಗೆ ನೀರು ದಿಬ್ಬ ಹತ್ತುವ ಸದ್ದು ನನ್ನ ಮೈಯುದ್ದಕ್ಕೂ ಕೇಳಿಸಿತು. ಬಾಣಂತಿಯ ಮನೆಯ ಕೊಳಗದಿಂದ ಹಿಡಿದು ಕೋಳಿಗೆ ನೀರಿಡುವ ಚಿಪ್ಪಿನ ತನಕ ಬೋರೆಯಲ್ಲಿ ಅಂದು ಎಲ್ಲವೂ ತುಂಬಿದವು.

ಸಂಜೆಯೊಳಗೆ ಪೊಲೀಸರು ಬಂದರು. ಗುಡಿಯೊಳಗೆ ಕಾಲಿಟ್ಟಳು ಎಂದು ದೂರು ಕೊಟ್ಟರೆ ಕೊಟ್ಟವರೇ ಒಳಗೆ ಹೋಗಬೇಕಾಗುತ್ತದೆ ಎಂಬ ಬುದ್ಧಿ ಚನ್ನಂಜಪ್ಪನಿಗಿತ್ತು. ಹಾಗಾಗಿ ದೇವಸ್ಥಾನದ ಸ್ವತ್ತು ಕಳವು ಎಂದು ಬರೆಸಿದ. ಅವಳನ್ನು ಜೀಪು ಹತ್ತಿಸಿದರು, ನನ್ನನ್ನು ಅವಳ ಕಾಲ ಬುಡಕ್ಕೆ ಹಾಕಿದರು.

ಸುದ್ದಿ ಕೇಳಿ ಗಫಾರ್ ಸಾಬರು ಠಾಣೆಗೆ ಬಂದರು. ಬಹಳ ಬಡವಾಗಿದ್ದರು. "ಇದು ಗುಡಿದಲ್ಲ ಸಾ. ನನ್ ಸೈಕಲ್ಲಿಗ ಕಟ್ಕಂಡು ತಿರುಗ್ತಿದ್ದ ಕೀ ಇದು" ಎಂದರು.

"ಹಂಗಾದ್ರ ನೀನೂ ಆರೋಪಿ ಆಯ್ತೀಯೇನಯ್ಯ?" ಎಂದು ಇನ್ಸ್‌ಪೆಕ್ಟರು ಕೇಳಿದ. ಇಡೀ ಠಾಣೆ ನಕ್ಕಿತು. ಸಾಬರು ನನ್ನ ಹಿಡಿಕೆಯನ್ನು ಒಮ್ಮೆ ಮುಟ್ಟಿ ಹೋದರು.

ರಾಚಮ್ಮನಿಗೆ ಜಾಮೀನು ಸಿಕ್ಕಿತು. ನನಗೆ ಸಿಗಲಿಲ್ಲ. ನಾನು ಠಾಣೆಯಲ್ಲಿ ಕೇಸಿನ ವಸ್ತುಗಳನ್ನಿಡುವ ಮುದ್ದೆಮಾಲಿನ ಕೋಣೆಯಲ್ಲಿ, ಚೀಟಿ ಕಟ್ಟಿಸಿಕೊಂಡು, ಮುರಿದ ಬೈಕುಗಳ ಪಕ್ಕ ನಿಂತಿದ್ದೇನೆ. ಕೋರ್ಟು ಒಮ್ಮೆ ನನ್ನನ್ನು ಕರೆಸಿ, ಇದು ಯಾರಿಗೆ ಸೇರಬೇಕು ಎಂದು ಕೇಳಿತು. ನಾವು ಹಸ್ತಾಂತರ ಮಾಡಿಯಾಗಿದೆ ಎಂದಿತು ಇಲಾಖೆ. ಅದು ಅಮ್ಮನದು ಎಂದಿತು ಚನ್ನಂಜಪ್ಪನ ಪಂಚಾಯಿತಿ. ಗುಡಿಯವರು ಮಾತ್ರ ಬೇರೆ ಹೇಳಿದರು: ಅದು ಮೈಲಿಗೆಯಾಗಿದೆ, ನಮಗೆ ಬೇಡ, ಹೊಸದು ಮಾಡಿಸಿ ಪೂಜೆ ಮಾಡಿದ್ದೇವೆ. ಕಳವಾಯಿತೆಂದು ಅತ್ತವರು ಸಿಕ್ಕಾಗ ಬೇಡವೆಂದರು. ಕಳವಿನ ಕೇಸು ಮಾತ್ರ ಹಾಗೇ ಉಳಿಯಿತು.

"ಇದೇ ಏನಮ್ಮ ನೀನು ಕದ್ದ ಕೀ?" ಎಂದು ಸರ್ಕಾರಿ ವಕೀಲ ನನ್ನನ್ನು ಅವಳ ಮುಂದೆ ಹಿಡಿದ. ಅವಳು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಕದ್ದದ್ದಲ್ಲ ಸೋಮಿ. ಸೈನ್ ಹಾಕಿ ಈಸ್ಕಂಡದ್ದು. ಅವತ್ತು ಕೈಗ ಕೊಡ್ನಿಲ್ಲ, ಆಮೇಲ ನಾನೇ ಹೋಗಿ ತಕ್ಕಂಡಿ."

ವಾಯಿದೆ ಬಿತ್ತು. ಈಗಲೂ ಬೀಳುತ್ತಲೇ ಇದೆ. ಗುಡಿಯಲ್ಲಿರುವ ಹೊಸ ಕೀ ದೊಡ್ಡ ಬೀದಿಯ ವಾಲ್ವಿನಲ್ಲಿ ಅದೇ ಒಂದೆರಡು ಸುತ್ತು ಉಳಿಸುತ್ತಿದೆಯಂತೆ. ಅರಿಶಿನದ ಹೊಲದಲ್ಲಿ ಈ ವರ್ಷವೂ ಕಳೆ ಇಲ್ಲವಂತೆ. ಕಚೇರಿಗಳ ಗೋಡೆಯ ಮೇಲೆ ನಮ್ಮ ಹಸ್ತಾಂತರದ ಫೋಟೋ ತೂಗುತ್ತಿದೆ. ಅಧಿಕಾರ ಹಳ್ಳಿಗೆ ತಲುಪಿತು ಎಂದು ಅದರ ಕೆಳಗೆ ಬರೆದಿದ್ದಾರೆ. ನಾನು ಆ ಹಳ್ಳಿಯನ್ನು ಪೈಪಿನ ಒಳಗಿಂದ ಬಲ್ಲೆ. ತಲುಪಿದ್ದು ಎಲ್ಲಿಯ ತನಕ, ನಿಂತದ್ದು ಎಲ್ಲಿ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಅಂದು ಕೋರ್ಟಿನಿಂದ ಹೊರಡುವಾಗ ರಾಚಮ್ಮ ನನ್ನನ್ನು ಹೊತ್ತಿದ್ದ ಪೇದೆಯನ್ನು ನಿಲ್ಲಿಸಿದಳು.

"ಸಾ, ಅದ್ಕ ವಸಿ ಎಣ್ಣೆ ಸವರಿ ಮಡಗಿ. ಬೇಕಾಯ್ತದ."

ಪೇದೆ ಎಣ್ಣೆ ಸವರಲಿಲ್ಲ. ಹಿಡಿಕೆಗೆ ತುಕ್ಕು ಹತ್ತಿದೆ. ಕೆಳಗಿನ ಬಾಯಿ ಮಾತ್ರ ಇನ್ನೂ ಚೌಕವಾಗಿಯೇ ಇದೆ.