ಐದನೆಯ ಭಾಷೆ

ಎದುರಿಗೆ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಐದುನಾಲಿಗೆ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದು ಒಳಗೊಳಗೇ ಹಿಗ್ಗುತ್ತಿದ್ದಳು. ಹಿಗ್ಗಲಿ ಬಿಡಿ, ಸುಮ್ಮನೆ ಬಂದ ಹೆಸರೇನಲ್ಲ. ನಾಯಕಿಯ ಗೆಳತಿ, ಬಾಗಿಲು ತೆಗೆಯುವ ಕೆಲಸದವಳು, ಎರಡನೆಯ ದೃಶ್ಯದಲ್ಲೇ ಸಾಯುವ ನರ್ಸು, ಇಂಥವನ್ನೇ ಮಾಡಿ ಸವೆದವಳು. ಬೇರೆ ನಟಿಯರು ಪರಭಾಷೆಯ ಸಿನಿಮಾದಲ್ಲಿ ಬರೀ ತುಟಿ ಆಡಿಸಿ ದನಿಯನ್ನು ಇನ್ಯಾರದೋ ಗಂಟಲಿಗೆ ಬಿಟ್ಟು ಹೋಗುತ್ತಿದ್ದರೆ, ಇವಳು ಹಟ ಹಿಡಿದು ಐದು ಭಾಷೆ ಕಲಿತು ಐದರಲ್ಲೂ ತಾನೇ ಮಾತಾಡಿದಳು. ಆಮೇಲೆ ಕವಿತೆಯ ಹುಚ್ಚು ಹತ್ತಿತು. ಕೈಯಲ್ಲಿ ಚೀಟಿಯಿಲ್ಲದೆ ಮೈಕಿನ ಮುಂದೆ ನಿಂತು, ಪಕ್ಕದ ಮನೆಯವರ ಹತ್ತಿರ ದೂರು ಹೇಳುವ ಹಾಗೆ ಕವಿತೆ ಹೇಳುತ್ತಿದ್ದಳು. ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಅದರಲ್ಲಿ ಒಂದು ಕವಿತೆ ಅವಳನ್ನು ಎಲ್ಲಿಂದ ಎಲ್ಲಿಗೋ ಎತ್ತಿ ಕೂರಿಸಿತು. ಹೆಂಡತಿಗೆ ಹೊಡೆಯುವ ಮುಂಚೆ ಬಚ್ಚಲಿಗೆ ಹೋಗಿ ನಲ್ಲಿಯನ್ನು ಪೂರಾ ತಿರುಗಿಸಿ ಬರುವ ಗಂಡನೊಬ್ಬನ ಕವಿತೆ. ನೀರಿನ ಸದ್ದಿನಲ್ಲಿ ಅಕ್ಕಪಕ್ಕದವರಿಗೆ ಏನೂ ಕೇಳುವುದಿಲ್ಲ. ಮುಗಿದ ಮೇಲೆ ನಲ್ಲಿ ನಿಲ್ಲಿಸಿ ಮುಲಾಮು ತಂದು ತಾನೇ ಹಚ್ಚುತ್ತಾನೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಜಾತಿ. ಇವಳಿಗೆ ಇದೆಲ್ಲ ಎಲ್ಲಿಂದ ಹೊಳೆಯಿತಪ್ಪಾ ಎಂದು ಕೇಳಿದವರು ಬೆರಗಾದರು. ಹೊಳೆದದ್ದೂ ಇಲ್ಲ, ಮಣ್ಣೂ ಇಲ್ಲ. ಅದು ಅವಳ ಒಡಹುಟ್ಟಿದ ತಂಗಿಯ ಸಂಸಾರ.

ತಂಗಿ ಅದನ್ನು ಗಂಡನ ಎದುರಿಗೇ ಹೇಳಿದ್ದಳು. ಅಕ್ಕತಂಗಿಯರ ಮನೆಮಾತು ಬೇರೆ, ಅವನ ಭಾಷೆ ಬೇರೆ. ಅವನು ಔಷಧಿ ಅಂಗಡಿಯ ಯಜಮಾನ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೂಕದ ಮಾತು, ಬೀದಿಯಲ್ಲಿ ಹೋದರೆ ನಾಲ್ಕು ಜನ ನಮಸ್ಕಾರ ಹೇಳುವಂಥವನು. ಅವನು ಸೋಫಾದಲ್ಲಿ ಪೇಪರ್ ಹಿಡಿದು ಕೂತಿರುವಾಗ ತಂಗಿ ಬಟಾಣಿ ಸುಲಿಯುತ್ತ, ಕಿಟಕಿಯ ಹೊಸ ಪರದೆಯ ಸುದ್ದಿ ಹೇಳುವ ಮುಖ ಮಾಡಿ, “ಮೊನ್ನೆ ಪಕ್ಕೆಗೇ ಒದ್ರು ಅಕ್ಕ. ಮುಖ ಸಣ್ಣ ಮಾಡ್ಬೇಡ, ನಗು ನೀನು” ಎಂದಿದ್ದಳು. ಇವಳೂ ನಕ್ಕಳು. ಅಕ್ಕ ನಟಿಸುತ್ತಿದ್ದದ್ದು ಹೊಟ್ಟೆಪಾಡಿಗೆ, ತಂಗಿ ಜೀವ ಉಳಿಸಿಕೊಳ್ಳಲಿಕ್ಕೆ. ಇಬ್ಬರಲ್ಲಿ ದೊಡ್ಡ ನಟಿ ಯಾರು ಅಂತ ಬೇರೆ ಹೇಳಬೇಕೆ? ನನ್ನ ಮನೆಗೆ ಬಂದುಬಿಡು ಎಂದಾಗಲೆಲ್ಲ ತಂಗಿ “ಈಗ ಬೇಡ” ಎನ್ನುತ್ತಿದ್ದಳು. ಕೈ ಹಿಡಿದು ಎಳೆದು ತರಬೇಕಾದ ಅಕ್ಕ ಮನೆಗೆ ಬಂದು ಕವಿತೆ ಕಟ್ಟಿದಳು. ಏನೆನ್ನಬೇಕು ಇಂಥವರಿಗೆ!

ಆ ಕವಿತೆಯನ್ನೇ ಸಿನಿಮಾ ಮಾಡಲು ಹೊರಟು, ತಾನೇ ನಾಯಕಿಯೂ ನಿರ್ಮಾಪಕಿಯೂ ಆಗಿ ನಿಂತಾಗ, ತಂಗಿಯನ್ನು ಒಂದು ಮಾತು ಕೇಳಿದ್ದಳು.

“ನಮ್ಮ ಮಾತಲ್ಲಿ ತಾನೇ? ಮಾಡು,” ಎಂದಿದ್ದಳು ತಂಗಿ. “ಇವ್ರಿಗೆ ಎಲ್ಲಿ ಅರ್ಥ ಆಗುತ್ತೆ.”

ಸಿನಿಮಾ ಚೆನ್ನಾಗಿ ಬಂತು. ಹಂಚಿಕೆದಾರ ನೋಡಿದವನೇ ಐದು ಭಾಷೆಯಲ್ಲೂ ಬಿಡೋಣ ಎಂದ. ಇವಳು ಹೂಂ ಅಂದುಬಿಟ್ಟಳು. ಎಡವಟ್ಟಾದದ್ದು ಇಲ್ಲೇ. ದುರಾಸೆ ಅನ್ನೋಣವೆಂದರೆ ಅದೂ ಅಲ್ಲ. ಐದು ಭಾಷೆಯಲ್ಲಿ ಉಂಡು ಮಲಗುವವಳಿಗೆ ಈಗ ಯಾವುದರಲ್ಲಿ ಮಾತಾಡುತ್ತಿದ್ದೇನೆ ಎಂಬ ಗ್ಯಾನವೇ ಇರುವುದಿಲ್ಲ. ಅವಳಿಗೆ ಅವು ಒಂದೇ ಮನೆಯ ಐದು ಕೋಣೆ, ದೀಪ ಹಾಕದೆ ಓಡಾಡುತ್ತಾಳೆ. ಆ ಕೋಣೆಗಳ ನಡುವೆ ಗೋಡೆಯೊಂದಿದೆ, ತಂಗಿ ಆ ಗೋಡೆಯ ಮರೆಯಲ್ಲೇ ಬದುಕಿಕೊಂಡಿದ್ದಾಳೆ ಎಂಬುದು ತಲೆಗೆ ಹೋಗಲೇ ಇಲ್ಲ.

ತಲೆಗೆ ಹೋದದ್ದು ಡಬ್ಬಿಂಗ್ ಕೋಣೆಯಲ್ಲಿ, ಐದನೆಯ ಭಾಷೆಯ ಕೊನೆಯ ದೃಶ್ಯ ಮುಗಿಸಿ ಹೆಡ್‌ಫೋನ್ ಕಳಚುವಾಗ. ಗಾಜಿನ ಆಚೆಯಿಂದ ಸೌಂಡ್ ಎಂಜಿನಿಯರ್ ಮೈಕಿನಲ್ಲಿ ಹೇಳಿದ: “ಬೆಂಕಿ ಮೇಡಂ! ನಮ್ಮನೆಯವಳಂತೂ ಬೆಳಿಗ್ಗೆ ಟ್ರೇಲರ್ ನೋಡಿದಾಗಿಂದ ಆ ನಲ್ಲಿ ಡೈಲಾಗೇ ಹೇಳ್ತಿದ್ದಾಳೆ. ಅವಳಿಗೆ ಈ ಭಾಷೆ ಬಿಟ್ರೆ ಇನ್ನೊಂದು ಬರಲ್ಲ ನೋಡಿ, ಅವಳಿಗೂ ನಾಟಿಬಿಡ್ತು.”

“ಯಾವ ಟ್ರೇಲರ್?”

“ಅದೇ, ಹೋದ ವಾರ ನೀವೇ ಡಬ್ ಮಾಡಿ ಹೋದ್ರಲ್ಲ. ಐದೂ ಭಾಷೇದು ಇವತ್ತು ಬಿಟ್ರಲ್ಲ ಮೇಡಂ.”

ಈ ಭಾಷೆ ಬಿಟ್ಟರೆ ಇನ್ನೊಂದು ಬರದವನು ಅವಳ ತಂಗಿಯ ಮನೆಯಲ್ಲೂ ಒಬ್ಬನಿದ್ದ. ಅಲ್ಲೇ ನಿಂತು ಹಂಚಿಕೆದಾರನಿಗೆ ಫೋನು ಮಾಡಿ ಈಗಲೇ ಅದನ್ನು ಇಳಿಸಿ ಎಂದು ಗೋಗರೆದಳು. ಅವನು ನಕ್ಕ. “ಲಕ್ಷಗಟ್ಟಲೆ ಜನ ನೋಡಿ ಆಯ್ತಲ್ಲಮ್ಮ. ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ್ರೆ ಏನು ಬಂತು?”

ತಂಗಿಗೆ ಫೋನು ಮಾಡಿದಳು. ಎತ್ತಿದ್ದು ಗಂಡ.

“ಹೇಳಿ ಅತ್ತಿಗೆ. ಅವಳು ಸ್ನಾನಕ್ಕೆ ಹೋಗಿದ್ದಾಳೆ,” ಎಂದ. ಅವನ ಮಾತಿನ ಹಿಂದೆ ನೀರು ಧೋ ಎಂದು ಬೀಳುತ್ತಿತ್ತು. “ಟ್ರೇಲರ್ ನೋಡಿದ್ವಿ. ಎಷ್ಟು ಸಹಜವಾಗಿ ಮಾಡಿದ್ದೀರ! ಬನ್ನಿ ಮನೆಗೆ, ಟೀ ಕುಡಿಯೋಣ.”

ದಾರಿಯುದ್ದಕ್ಕೂ ಅವಳಿಗೆ ಒಂದೇ ಜಪ: ಇವತ್ತು ಕರೆದುಕೊಂಡೇ ಬರಬೇಕು, ಕೂಗಾಡಿಯಾದರೂ ಸರಿ, ಕಾಲು ಹಿಡಿದಾದರೂ ಸರಿ. ಮೂರನೆಯ ಮಹಡಿಯ ಮೆಟ್ಟಿಲನ್ನು ಓಡಿಯೇ ಹತ್ತಿದಳು. ಬಾಗಿಲು ತೆಗೆದವಳು ತಂಗಿ. ಸ್ನಾನಕ್ಕೆ ಹೋಗಿದ್ದವಳ ಮೈಯಲ್ಲಿ ಎಲ್ಲೂ ನೀರಿನ ಪಸೆಯಿರಲಿಲ್ಲ. ಎಡಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಳು.

“ಬಾ ಅಕ್ಕ,” ಎಂದು ನಕ್ಕಳು.

ಗಂಡ ತಾನೇ ಟೀ ಮಾಡಿ ತಂದಿಟ್ಟ. ಬಿಸ್ಕತ್ತನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ಅವಳ ಮುಂದೆ ಸರಿಸಿದ. ಅವಳು ಬಟ್ಟಲು ಕೈಗೆತ್ತಿಕೊಂಡು, ಹಳೆಯ ರೂಢಿಯಂತೆ ಮುಖದ ತುಂಬ ನಗು ತಂದುಕೊಂಡು, ಮನೆಮಾತಿನಲ್ಲಿ ತಂಗಿಗೆ ಹೇಳಿದಳು: “ನಗ್ತಾನೇ ಕೇಳು. ಕೆಳಗೆ ಕಾರಿದೆ. ನನ್ನನ್ನ ಬಿಟ್ಟು ಬರೋ ಹಾಗೆ ಮೆಟ್ಟಿಲ ತನಕ ಬಾ. ಬಟ್ಟೆಬರೆ ಏನೂ ಬೇಡ, ನೀನು ಬಂದ್ರೆ ಸಾಕು.”

“ಬರಿಗೈಲಿ ಯಾಕೆ ಕಳಿಸ್ಲಿ ಅತ್ತಿಗೆ?” ಎಂದ ಅವನು. “ಒಂದೆರಡು ಜೊತೆ ಬಟ್ಟೆನಾದ್ರೂ ತಗೊಳ್ಲಿ.”

ಹೇಳಿದ್ದು ಅವರ ಮನೆಮಾತಿನಲ್ಲಿ. ಉಚ್ಚಾರ ಒರಟು, ಆದರೆ ಒಂದು ಪದ ತಪ್ಪಿರಲಿಲ್ಲ.

“ಇಷ್ಟು ವರ್ಷ ಒಂದೇ ಮನೇಲಿದ್ರೆ ಸಾಕಿದ ಬೆಕ್ಕಿಗೂ ಅರ್ಥ ಆಗುತ್ತೆ. ಮದುವೆಯಾದ ವರ್ಷಾನೇ ಕಲಿತೆ,” ಎಂದು ಅವನು ಟೀ ಗುಟುಕರಿಸಿದ. “ನೀವಿಬ್ರೂ ಅಷ್ಟು ನಗ್ತಾ ಮಾತಾಡೋರಲ್ಲ, ಏನಿರಬಹುದು ಅಂತ ಆಸೆ ಆಯ್ತು.”

ತಂಗಿ ಅಕ್ಕನನ್ನು ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. ನೆಲ ನೋಡುತ್ತ, ತನಗೆ ತಾನೇ ಹೇಳಿಕೊಳ್ಳುವ ಹಾಗೆ, “ಹಾಗಾದ್ರೆ ಪ್ರತಿ ಸಲ ಅಕ್ಕ ಬಂದು ಹೋದ್ಮೇಲೆ...” ಎಂದು ಅಲ್ಲಿಗೇ ನಿಲ್ಲಿಸಿದಳು.

“ಮತ್ತೆ? ಸುಮ್ ಸುಮ್ನೆ ಕೈ ಮಾಡೋಕೆ ನನಗೇನು ಹುಚ್ಚಾ?”

ಅಕ್ಕನ ಕೈಯ ಬಟ್ಟಲು ಗಡಗಡ ಅಂದಿತು. ತಂಗಿಯ ಮನಸ್ಸು ಹಗುರಾಗಲಿ ಎಂದು ಹಣ್ಣಿನ ಚೀಲ ಹಿಡಿದು ಎಷ್ಟು ಸಲ ಬಂದಿದ್ದಳು! ಬಂದಷ್ಟು ಸಲವೂ ತಂಗಿಗೆ ಪೆಟ್ಟು ಹಂಚಿ ಹೋಗಿದ್ದಳು. ಬಟ್ಟಲನ್ನು ಕೆಳಗಿಟ್ಟು ಎದ್ದು ನಿಂತಳು.

“ಪೊಲೀಸಿಗೆ ಹೋಗ್ತೀನಿ,” ಎಂದಳು.

“ಹೋಗಿ. ಅವರು ಕೇಳೋದು ಇವಳನ್ನ, ನಿಮ್ಮನ್ನಲ್ಲ.” ಅವನು ಜೇಬಿನಿಂದ ಫೋನು ತೆಗೆದು ಅವಳ ಮುಂದೆ ಹಿಡಿದ. “ನಿಮ್ಮ ಸಿನಿಮಾ ನಿಲ್ಲಿಸಿ ಅಂತ ನಾನು ಹೇಳಲ್ಲ. ಮನೇಲಿ ಇದ್ದ ಮಾತು ಮನೇಲೇ ಇದ್ದಾಗ ನಿಮಗೆ ನಾನೇನಾದ್ರೂ ಅಂದ್ನಾ? ಈಗ ನಮ್ಮಮ್ಮ ಇದು ನಿನ್ನ ಮನೆ ಕಥೇನಾ ಅಂತ ಕೇಳ್ತಿದ್ದಾರೆ, ಅಂಗಡಿಗೆ ಬರೋರು ಮುಸಿಮುಸಿ ನಗ್ತಿದ್ದಾರೆ. ಇವಳು ಒಂದೆರಡು ಮಾತು ಹೇಳ್ಲಿ. ನೀವೇ ತೆಗೀರಿ, ಕ್ಯಾಮೆರಾ ನಿಮ್ಮ ಕಸುಬಲ್ವಾ. ಬೇಡ ಅಂದ್ರೆ ನೀವು ಹೋದ್ಮೇಲೆ ನಾನೇ ತೆಗೀತೀನಿ. ಯಾವುದು ವಾಸಿ, ನೀವೇ ನೋಡಿ.”

ಯಾವುದು ವಾಸಿ ಎಂದು ಅವಳಿಗೆ ಗೊತ್ತಿತ್ತು. ಫೋನು ಇಸಿದುಕೊಂಡಳು. ನಡುಗುತ್ತಿದ್ದ ಕೈ ಕ್ಯಾಮೆರಾ ಹಿಡಿದೊಡನೆ ನಿಂತುಬಿಟ್ಟಿತು, ಆ ಕೈಯನ್ನು ಕಡಿದು ಹಾಕಬೇಕು. ತಂಗಿ ಕೂದಲು ಸರಿಮಾಡಿಕೊಂಡು, ಎಡಗೈಯನ್ನು ದಿಂಬಿನ ಹಿಂದೆ ಮರೆ ಮಾಡಿ, ನೇರ ಅಕ್ಕನ ಕಡೆ ನೋಡಿದಳು. ಗಂಡನ ಭಾಷೆಯಲ್ಲಿ ಹೇಳಿದಳು: “ನಮ್ಮಕ್ಕನ ಸಿನಿಮಾ ಎಲ್ಲರೂ ನೋಡಿ. ಅದು ಪೂರ್ತಿ ಅವಳ ಕಲ್ಪನೆ. ನನ್ನ ಹತ್ರ ಬಂದು ಕೇಳೋರನ್ನ ಕಂಡ್ರೆ ನಗು ಬರುತ್ತೆ. ನಮ್ಮನೆಯವರು ನನ್ನನ್ನ ನೆಲಕ್ಕೆ ಕಾಲಿಡದ ಹಾಗೆ ನೋಡ್ಕೊಂಡಿದ್ದಾರೆ.”

ಕೊನೆಗೆ ಕಣ್ಣೂ ನಕ್ಕವು. ಒಂದೇ ಟೇಕು. ಅಂಥ ನಟನೆಯನ್ನು ಅಕ್ಕ ತನ್ನ ಜನ್ಮದಲ್ಲಿ ಮಾಡಿರಲಿಲ್ಲ.

ಅವನು ಫೋನು ತಗೊಂಡು, ಅದನ್ನು ತಾಯಿಗೆ ಕಳಿಸುತ್ತ ಬಾಲ್ಕನಿಗೆ ಹೋದ. ಮುಂಬಾಗಿಲು ಹಾರು ಹೊಡೆದಿತ್ತು, ಮೆಟ್ಟಿಲು ಎರಡು ಹೆಜ್ಜೆ ದೂರವಿತ್ತು. ಅಕ್ಕ ಬಗ್ಗಿ ತಂಗಿಯ ಬಲಗೈ ಹಿಡಿದು, “ಏಳು, ನನ್ನಮ್ಮ ಅಲ್ವಾ, ಏಳು ಈಗ್ಲೇ” ಎಂದು ಮನೆಮಾತಿನಲ್ಲಿ ಪಿಸುಗುಟ್ಟಿದಳು.

ತಂಗಿ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಬಾಲ್ಕನಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ, ಅವನ ಭಾಷೆಯಲ್ಲೇ ಹೇಳಿದಳು. “ಹೊರಡು ಅಕ್ಕ, ಹೊತ್ತಾಯ್ತು. ಇನ್ಮೇಲೆ ನಮ್ಮನೆಗೆ ಬರಬೇಡ.” ಹುಟ್ಟಿದ ಮೇಲೆ ಅಕ್ಕನಿಗೆಂದು ಆ ಭಾಷೆಯಲ್ಲಿ ಅವಳು ಆಡಿದ ಮೊದಲನೆಯ ಮಾತು ಅದು.

ಬಾಗಿಲು ಹಾಕಿಕೊಂಡವಳೂ ತಂಗಿಯೇ. ಒಳಗೆ ಚಿಲಕ ಬಿದ್ದ ಮೇಲೆ ಅಕ್ಕ ಮೆಟ್ಟಿಲ ತುದಿಯಲ್ಲಿ ನಿಂತು ತಂಗಿಯನ್ನು ಕೂಗಿ ಕರೆಯಲು ಬಾಯಿ ತೆರೆದಳು. ಕರೆದರೆ, ಆ ಕರೆದದ್ದಕ್ಕೂ ಪೆಟ್ಟು ತಿನ್ನಬೇಕಾದವಳು ತಂಗಿಯೇ ಎಂಬುದು ನೆನಪಾಗಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೆಳಗಿಳಿದು ಹೋದಳು.