ಸೋದರಮಾವನ ತೊಡೆ

ಮತ್ತೆ ಬಾಯಿಗೆ ಬಂತು ಕೂದಲು, ಉಪ್ಪುಪ್ಪು, ಸಮುದ್ರದ ಗಾಳಿಗೆ ಈ ಹುಡುಗನ ತಲೆ ಒಂದು ಕಡೆ ನಿಲ್ಲುವುದಿಲ್ಲ, ದುಂಡವ್ವ ಮಗನನ್ನು ಕಂಕುಳಲ್ಲಿ ಮೇಲಕ್ಕೆಳೆದುಕೊಂಡು ತುಟಿಗೆ ಅಂಟಿದ ಎಳೆಯನ್ನು ಬಿಡಿಸಿದಳು, ಬಿಡಿಸುವಾಗ ಶಿದ್ರಾಮ ಮುಖ ಕಿವುಚಿದ – ಹುಣ್ಣಿಗೆ ತಾಗಿತೇನೋ ಪಾಪ, ಈ ಮೊಂಬಾಸಾದ ಸೆಕೆಗೆ ಬೆವರುಸಾಲೆ ಎದ್ದು, ಒಡೆದು, ಜಡೆಗಟ್ಟಿದ ಕೂದಲ ಬುಡದಲ್ಲೆಲ್ಲ ಹುಣ್ಣು, ತಲಿ ಬೋಳಿಸಿದ್ರ ಔಷಧ ಹತ್ತತೈತಂತ, ದವಾಖಾನ್ಯಾಗ ಹೇಳ್ಯಾರ, ಅನ್ನುತ್ತಾನೆ ಗಂಡ, ಹೇಳಲಿ, ದವಾಖಾನೆಯವರಿಗೇನು ಗೊತ್ತು, ಹುಟ್ಟುಗೂದಲು ತೆಗೆಯುವುದೆಂದರೆ ಉಗುರು ತೆಗೆದಷ್ಟು ಸಲೀಸೇ, ಜವಳ ಅದು, ಊರ ಬೀರಪ್ಪನ ಗುಡಿಯ ಮುಂದೆ ಆಗಬೇಕು, ಮಗು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು, ಆ ತೊಡೆ ಇರುವುದು ತುಕ್ಕಾನಟ್ಟಿಯಲ್ಲಿ, ಈ ನೀರಿನ ಆಚೆ, ಎಷ್ಟು ದಿಟ್ಟಿಸಿದರೂ ದಡ ಕಾಣದ ಈ ನೀರಿನ ಆಚೆ.

ಪರಸಪ್ಪ ಮುಂದೆ ನಡೆದಿದ್ದಾನೆ, ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಛತ್ರಿ, ರವಿವಾರ ರೈಲ್ವೆ ಕಾರಖಾನೆಗೆ ಸೂಟಿ, ನಡಿ, ಸಮುದ್ರದ ದಂಡಿಗೆ ಹೋಗಿ ಬರೂಣು, ಕೂಸಿಗೆ ಗಾಳಿ ಬಡೀಲಿ, ಬೀರಸಿದ್ದಪ್ಪನೂ ಬರತಾನ, ಅಂದಿದ್ದ ಬೆಳಿಗ್ಗೆ, ಅವಳ ಮುಖ ನೋಡದೆ ಅಂದಿದ್ದ, ಆಗಲೇ ಅವಳಿಗೆ ಅನುಮಾನ ಬರಬೇಕಿತ್ತು – ದಂಡೆಯ ತುಂಬ ನಮ್ಮ ದೇಶದ ಜನವೇ, ಗುಜರಾತಿ ಹೆಂಗಸರು ಮಕ್ಕಳಿಗೆ ಹುರಿದ ಮರಗೆಣಸು ಕೊಡಿಸುತ್ತಿದ್ದಾರೆ, ಶಿದ್ರಾಮ ಆ ಕಡೆ ಕೈ ಚಾಚುತ್ತಾನೆ, ಇಳಿಯುತ್ತೇನೆಂದು ಒದೆಯುತ್ತಾನೆ, ಇಳಿಸಿದರೆ ಅಲೆಯನ್ನು ಕಂಡು ಓಡಿ ಬಂದು ಸೀರೆಗೆ ಮುಖ ಒತ್ತುತ್ತಾನೆ, ತಾನೂ ಸಣ್ಣವಳಿದ್ದಾಗ ಹೀಗೇ ಹೆದರಿದ್ದಳಂತೆ ಧುಪದಾಳದಲ್ಲಿ, ಒಡ್ಡಿನ ಮೇಲಿಂದ ಘಟಪ್ರಭೆ ಬೀಳುವ ಸದ್ದಿಗೆ, ನೀರು ತೋರಿಸಲು ಅಣ್ಣನೇ ಕರೆದುಕೊಂಡು ಹೋಗಿದ್ದ, ತೊಡೆಯ ಮೇಲೆ ಕೂರಿಸಿಕೊಂಡು ಎರಡೂ ಕಿವಿ ಅಂಗೈಯಿಂದ ಮುಚ್ಚಿದ್ದ, ಕುರಿಯ ವಾಸನೆಯ ಅಂಗೈ, ನೋಡ ದುಂಡಿ, ಈಗ ಸಪ್ಪಳ ಇಲ್ಲ, ಬರೇ ನೀರ ಐತಿ, ಅಂದಿದ್ದ ಅಣ್ಣ ಲಗಮಪ್ಪ. ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತುವಾಗ ಹೊಟ್ಟೆಯೊಳಗಿದ್ದದ್ದು ಗಂಡೋ ಹೆಣ್ಣೋ ಯಾರಿಗೆ ಗೊತ್ತಿತ್ತು, ಕಿಟಕಿಯ ಸರಳು ಹಿಡಿದು ಅವನೂ ಜೊತೆಗೆ ಓಡಿದ, ಯಾವುದರ ಆಗಲಿ ದುಂಡಿ, ಜವಳಕ್ಕ ಬಂದಬಿಡು, ಮೂಡಲಗಿ ಸಂತ್ಯಾಗ ಹೊಸಾ ಕಂಬಳಿ ತಂದಿಟ್ಟಿರತೇನಿ, ಅಂದ, ಅಂದಿನಿಂದ ಅವಳು ಕಣ್ಣು ಮುಚ್ಚಿದರೆ ಸಾಕು, ಗುಡಿಯ ಮುಂದೆ ಕಂಬಳಿ ಹಾಸಿದೆ, ಅಣ್ಣ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ, ತೊಡೆಯ ಮೇಲೆ ಎರಡೂ ಅಂಗೈ ತೆರೆದಿಟ್ಟು ದಾರಿ ನೋಡುತ್ತಿದ್ದಾನೆ.

ಹಡಗು ಹೋಗುತ್ತಿಲ್ಲ, ಹೋದರೂ ಸೈನ್ಯದವರಿಗೇ ಜಾಗ, ಲಡಾಯಿ ಮುಗೀಲಿ, ಹೋಗೂಣಂತ, ಅನ್ನುತ್ತಾನೆ ಗಂಡ, ಮೊದಲು ಜೋರಾಗಿ ಅನ್ನುತ್ತಿದ್ದ, ಈಗೀಗ ಊಟ ಮಾಡುತ್ತ, ಅರ್ಧ ಬಾಯಲ್ಲಿ, ಇಲ್ಲಿ ಅವನಿಗೆ ಪಗಾರ ಚೆನ್ನಾಗಿದೆ, ಮೇಸ್ತ್ರಿ ಎಂದು ಕರೆಯುತ್ತಾರೆ, ಗೋಕಾಕದ ಗಿರಣಿಯಲ್ಲಿ ಯಾರು ಕರೆದಿದ್ದರು, ಅವನು ಊರು ಮರೆತಾನು, ಆದರೆ ದೇವರಿಗೆ ಬಿಟ್ಟ ಕೂದಲನ್ನು ಮರೆಯಲಾರ, ಮಗನ ತಲೆಯ ಮೇಲೆ ಅದು ಇರುವ ತನಕ ಒಂದಲ್ಲ ಒಂದು ದಿನ ಹೊರಡಲೇಬೇಕು, ಹಾಗೆಂದೇ ಕಾಪಾಡಿದ್ದಾಳೆ ಅವಳು, ಹುಣ್ಣಿಗೆ ಎಣ್ಣೆ ಹಚ್ಚಿ, ಬಿಡಿಸಿ, ಅಳುವ ಕೂಸನ್ನು ಮಂಡಿಯ ನಡುವೆ ಒತ್ತಿ ಹಿಡಿದು – ಅಯ್ಯೋ, ನನ್ನ ಊರಿನ ಆಸೆಗೆ ಮಗನ ತಲೆ ಕೊಳೆಸುತ್ತಿದ್ದೇನಲ್ಲ, ಆದರೂ ಮರುದಿನ ಮತ್ತೆ ಎಣ್ಣೆ, ಮತ್ತೆ ಅದೇ ಕಂಬಳಿ, ಅದೇ ತೆರೆದ ಅಂಗೈ.

ದಪ್ಪ ಕಾಂಡದ ಮರದ ನೆರಳಲ್ಲಿ ಬೀರಸಿದ್ದಪ್ಪ ಎದ್ದು ನಿಂತ, ಹುಕ್ಕೇರಿಯವನು, ಹಳಿ ಹಾಕುವ ಕೆಲಸಕ್ಕೆಂದು ಹರೆಯದಲ್ಲಿ ಬಂದು ಇಲ್ಲೇ ಮೀಸೆ ಬೆಳ್ಳಗಾದವನು, ಅವನ ಬಾಜೂ ಯಾರದು, ಮೊಣಕಾಲ ಬಳಿ ಸಣ್ಣ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಕತ್ತರಿ, ಕ್ಷೌರದವನು, ಅವಳ ಕಾಲು ಅಲ್ಲೇ ನಿಂತುಬಿಟ್ಟಿತು, ಸಿಟ್ಟ ಆಗಬ್ಯಾಡ, ಅಂದ ಪರಸಪ್ಪ, ರಾತ್ರೆಲ್ಲಾ ಕೂಸು ಅಳೂದು ನನ್ನ ಕಡಿಂದ ಕೇಳಾಕ ಆಗವಲ್ದು, ಬೀರಸಿದ್ದಪ್ಪ ಮಾವನ ಜಾಗಾದಾಗ ಕುಂದರತಾನ. ಅವಳೆಂದಳು, ಲಡಾಯಿ ಮುಗಿದ ಮ್ಯಾಲ ಖರೇನ ಹೋಗತೀವೇನ್ರಿ, ಅವನು ಛತ್ರಿಯ ತುದಿಯಿಂದ ಮರಳು ಕೆದಕಿದ, ಬೀರಸಿದ್ದಪ್ಪನೇ ಗಂಟಲು ಸರಿಮಾಡಿಕೊಂಡ, ತಂಗೆವ್ವಾ, ನೀ ಒಲ್ಲೆ ಅಂದ್ರ ಎದ್ದ ಹೋಗತೇನಿ, ಬ್ಯಾಸರ ಮಾಡ್ಕೊಳ್ಳಾಂಗಿಲ್ಲ, ನನಗೂ ಊರಾಗ ಕರೆವ್ವ ಅಂತ ತಂಗಿ ಅದಾಳ, ಮೂರ ಮಕ್ಕಳು, ಒಂದರ ಜವಳಾನೂ ನನ್ನ ತೊಡಿ ಮ್ಯಾಲ ಆಗಲಿಲ್ಲ, ಯಾರನ್ನ ಕುಂದರಿಸಿದಳೋ ಏನೋ. ಕರೆವ್ವ – ಎಂದೂ ನೋಡದ ಹೆಂಗಸು, ಹುಕ್ಕೇರಿಯ ಯಾವುದೋ ಅಂಗಳದಲ್ಲಿ ಅವಳೂ ಅಣ್ಣನಿಗಾಗಿ ಕಾದಿರಬೇಕು, ಕೂದಲು ಕಟ್ಟಿ ಕಟ್ಟಿ ಇಟ್ಟು ಕಡೆಗೊಂದು ದಿನ ಯಾರದೋ ತೊಡೆಗೆ ಕೂಸನ್ನು ಕೊಟ್ಟಿರಬೇಕು, ಶಿದ್ರಾಮ ತಲೆ ಕೆರೆದುಕೊಂಡ, ಬೆರಳಿಗೆ ರಕ್ತ ಬಂತು, ಆ ಬೆರಳನ್ನು ತಾಯಿಗೆ ತೋರಿಸಿದ, ಕುಂದರ್ರಿ ಅಣ್ಣಾರ, ಅಂದಳು ದುಂಡವ್ವ, ಮಗನನ್ನು ಆ ತೊಡೆಗೆ ಇಳಿಸಿದಳು.

ಯಾರ ಕೈಗೂ ಹೋಗದ ಕೂಸು ಆ ಮುದುಕನ ತೊಡೆಯ ಮೇಲೆ ಸುಮ್ಮನೆ ಕೂತಿತು, ಇದೇನು ಮೋಸ, ಅಳಬಾರದೇ ಒಂದಿಷ್ಟು, ಕತ್ತರಿ ಕಚಕ್ ಅಂದಾಗ ಹೆದರಿ ಬೀರಸಿದ್ದಪ್ಪನ ಎದೆಗೇ ಮುಖ ಹುದುಗಿಸಿತು, ಅವನು ಎರಡೂ ಅಂಗೈಯಿಂದ ಅದರ ಕಿವಿ ಮುಚ್ಚಿದ, ಅವಳು ಬೇರೆ ಕಡೆ ನೋಡಿದಳು, ಕೂದಲು ಬೀಳುತ್ತಿದೆ, ಧೋತರದ ಮೇಲೆ, ಮರಳಿನ ಮೇಲೆ, ಬೋಳಾದ ತಲೆಗೆ ಅರಿಷಿಣ ಹಚ್ಚುತ್ತಿದ್ದಾರೆ, ಮಗು ಈಗ ನಗುತ್ತ ತಲೆ ಸವರಿಕೊಳ್ಳುತ್ತಿದೆ, ತಂಪಾಯಿತೇನೋ, ಹಗುರಾಯಿತೇನೋ, ಪರಸಪ್ಪ ಬೆಲ್ಲ ಕೊಬ್ಬರಿ ಹಂಚಿದ, ಬೀರಸಿದ್ದಪ್ಪ ಮಾತ್ರ ಏಳಲೊಲ್ಲ, ತಲೆ ತಗ್ಗಿಸಿ ಕೂತೇ ಇದ್ದಾನೆ, ಮುಗೀತಪಾ, ಏಳ ಇನ್ನ, ಅಂದ ಪರಸಪ್ಪ, ಅವನು ಕಣ್ಣೊರೆಸಿಕೊಂಡು ಎದ್ದ, ಧೋತರ ಕೊಡವಿದ, ಗಾಳಿ ಕೂದಲನ್ನೆಲ್ಲ ನೀರಿಗೆ ಒಯ್ದಿತು – ಅಲ್ಲಿ, ಗುಡಿಯ ಮುಂದೆ, ಲಗಮಪ್ಪ ಎದ್ದಿಲ್ಲ, ಕಂಬಳಿಯ ಮೇಲೆ ಹಾಗೇ ಕೂತಿದ್ದಾನೆ, ಅಂಗೈ ತೆರೆದಿದೆ, ಮುಗಿಯಿತು ಏಳು ಎಂದು ಅವನಿಗೆ ಯಾರು ಹೇಳಬೇಕು, ಯಾರೂ ಹೇಳಿಲ್ಲ, ಕೂತೇ ಇದ್ದಾನೆ.