ಬ್ರೇಕಿನ ಏಳು ದಿನ

"ಅವರ ಕೈ ಮಾತ್ರ ತೊಳೀಬೇಡ, ಹಾಗೇ ಇರ್ಲಿ," ಎಂದು ಸತ್ತವನ ಹೆಂಡತಿ ಬಕೆಟ್ಟನ್ನು ಪಕ್ಕಕ್ಕೆ ಎಳೆದಳು.

ಹೆಣ ತೊಳೆಯುತ್ತಿದ್ದ ಗಿಡ್ಡಣ್ಣ ಒದ್ದೆ ಬಟ್ಟೆ ಹಿಡಿದುಕೊಂಡೇ ಕುಳಿತ. ಸತ್ತವನ ಜೊತೆ ಬಟ್ಟೆ ಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದವನು ಅವನು.

"ಉಗುರ ತುಂಬ ಗ್ರೀಸು ಅತ್ತಿಗೆ."

"ಅದಕ್ಕೇ ಬೇಡ ಅಂದಿದ್ದು. ಬೀದೀಲಿ ಬಿದ್ದೋನಿಗೆ ಗ್ರೀಸು ಎಲ್ಲಿಂದ ಬಂತು? ನೀನೇ ಹೊತ್ಕೊಂಡು ಬಂದ್ಯಲ್ಲಪ್ಪಾ, ಎಲ್ಲಿಂದ ಎತ್ತಿದೆ ಹೇಳು."

ಗಿಡ್ಡಣ್ಣ ಬಾಗಿಲ ಕಡೆ ನೋಡಿ ತಲೆ ತಗ್ಗಿಸಿದ. ಅಲ್ಲಿ ಸೂಪರ್‌ವೈಸರ್ ಹೂಮಾಲೆ ಹಿಡಿದು ನಿಂತಿದ್ದ.

"ಅವರು ಆವತ್ತು ಬ್ರೇಕಲ್ಲಿದ್ರಮ್ಮಾ. ಗೇಟಿನ ಹೊರಗೆ ಬಿದ್ದಿದ್ರು. ದೇವರ ಇಚ್ಛೆ."

"ದೇವರ ತಲೆಗೆ ಕಟ್ಟಬೇಡಿ. ಅವನ ಹತ್ರ ನಿಮ್ಮ ಗೇಟ್ ಪಾಸ್ ಇಲ್ಲ."

ಕೆಲಸ ಮಾಡುತ್ತಾ ಒಳಗೆ ಸತ್ತಿದ್ದರೆ ಮಗಳಿಗೆ ಕಾಯಂ ಕೆಲಸ, ಕಾನೂನು ಹಾಗಿತ್ತು. ಹೊರಗೆ ಸತ್ತಿದ್ದರೆ ಹೂಮಾಲೆ.

*

ವರ್ಷವಿಡೀ ಸತತವಾಗಿ ದುಡಿದವರನ್ನು ಕಾಯಂ ಮಾಡಬೇಕೆಂದು ಕಾನೂನು ಬದಲಾದಾಗ ಸತ್ತವನು ಹೊಸ ಅಂಗಿ ಹೊಲಿಸಿಕೊಂಡಿದ್ದ. ಗಿರಣಿಯವರು ಹನ್ನೊಂದು ತಿಂಗಳು ತುಂಬಿದವರನ್ನು ಸರದಿಯಂತೆ ಏಳು ದಿನ ಮನೆಗೆ ಕಳಿಸಿ, ಎಂಟನೆಯ ದಿನ ಹೊಸಬರೆಂದು ಬರೆದುಕೊಂಡರು. ಆ ಏಳು ದಿನಕ್ಕೆ ಬ್ರೇಕ್ ಎಂದು ಹೆಸರು. ಪ್ರತಿ ವರ್ಷ ಗೇಟಿನ ಮೇಲೆ ಫಲಕ ಏರುತ್ತಿತ್ತು: ಈ ಸಾಲಿನಲ್ಲಿ ನಾನೂರು ಹೊಸ ಉದ್ಯೋಗಗಳು.

"ಸರ್ಕಾರದ ಲೆಕ್ಕದಲ್ಲಿ ನಾನು ಹದಿನೈದು ಜನ ಕಣೇ," ಎಂದು ನಗುತ್ತಿದ್ದ. "ಊಟಕ್ಕೆ ಮಾತ್ರ ಒಬ್ಬನೇ."

ಬ್ರೇಕಿನಲ್ಲೂ ಮಗ್ಗ ಕೆಟ್ಟರೆ ಹಿಂದಿನ ಬಾಗಿಲಿನಿಂದ ಅವನನ್ನೇ ಕರೆಸುತ್ತಿದ್ದರು. ಆ ಕರೆಯನ್ನು ಅವನು ಮರ್ಯಾದೆ ಎಂದು ತಿಳಿದಿದ್ದ.

*

ಮಸಣದ ದಾರಿ ಗಿರಣಿಯ ಮುಂದೆಯೇ ಹಾಯುತ್ತದೆ. ಗೇಟಿನ ಎದುರು ಬಂದಾಗ, ಹೆಣದ ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಗಿಡ್ಡಣ್ಣ ನಿಂತ. ಜೊತೆಯವರೂ ನಿಂತು ಪೆಟ್ಟಿಗೆಯನ್ನು ಇಳಿಸಬೇಕಾಯಿತು.

"ಇಲ್ಲಿ ಯಾಕೋ ಇಳಿಸ್ದೆ?" ಎಂದ ಸೂಪರ್‌ವೈಸರ್.

"ಮೊನ್ನೆ ಇಲ್ಲೇ ಇಳಿಸು ಅಂದಿದ್ದು ನೀವೇ ಅಲ್ವಾ ಸಾರ್?" ಗಿಡ್ಡಣ್ಣ ಅತ್ತಿಗೆಯ ಕಡೆ ತಿರುಗಿದ. "ಅತ್ತಿಗೆ, ಇವನು ಪ್ರಾಣ ಬಿಟ್ಟಿದ್ದು ಒಳಗೆ, ಏಳನೇ ಮಗ್ಗದ ಹತ್ರ. ಆಚೆ ತರೋವಾಗ ಕಾಲು ಹಿಡಿದಿದ್ದು ನಾನೇ. ದೇವರಾಣೆ."

"ಕೇಳಿಸ್ತಾ ಎಲ್ಲರಿಗೂ?" ಎಂದಳು ಹೆಂಡತಿ.

ಜನ ನೆಲ ನೋಡಿದರು. ಸೂಪರ್‌ವೈಸರ್ ಫೋನನ್ನು ಕಿವಿಗೆ ಹಿಡಿದು ಗೇಟಿನೊಳಗೆ ಹೋದ.

ಮಣ್ಣು ಮುಗಿಸಿ ಗಿಡ್ಡಣ್ಣ ಮಧ್ಯಾಹ್ನದ ಪಾಳಿಗೆ ಬಂದ. ಸಾಲಿನಲ್ಲಿ ನಿಂತು, ಮುಂದಿನವನಿಗೆ ಹಸಿರು ದೀಪ ಹತ್ತಿದ ಮೇಲೆ ಹಾಜರಿ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದ. ಕೆಂಪು ದೀಪ. ಗೋರಿಯ ಮಣ್ಣು ಅಂಟಿರಬೇಕೆಂದು ಬೆರಳನ್ನು ಅಂಗಿಗೆ ಒರೆಸಿ ಮತ್ತೆ ಒತ್ತಿದ. ಕೆಂಪು ದೀಪ.

"ಸ್ವಲ್ಪ ಸರೀರಿ ಅಣ್ಣ, ಹೊತ್ತಾಯ್ತು," ಎಂದ ಹಿಂದಿನವನು.

ಗಿಡ್ಡಣ್ಣ ಸರಿಯಲಿಲ್ಲ. ಹೆಬ್ಬೆರಳಿಗೆ ಎಂಜಲು ಹಚ್ಚಿ, ಗೆರೆಗಳು ಕಾಣುವವರೆಗೂ ಉಜ್ಜತೊಡಗಿದ.